ಅಜ್ಜನ ಕುರ್ಚಿಗೆ ಯಾವ ಅಂಟು?

ಹೋದ ಶ್ರಾವಣದಲ್ಲಿ ಧಾರವಾಡದ ಮಾಳಮಡ್ಡಿಯಿಂದ ಒಂದು ಆರಾಮ ಕುರ್ಚಿ ನನ್ನ ಅಂಗಡಿಗೆ ಬಂತು. ಸಾಗವಾನಿಯದು, ಬೆತ್ತದ ಹೆಣಿಕೆ, ಕಾಲು ಚಾಚಿಕೊಳ್ಳಲು ಕೈಯ ಕೆಳಗಿನಿಂದ ಹೊರಕ್ಕೆ ತಿರುಗುವ ಉದ್ದನೆಯ ಪಟ್ಟಿ. ತಂದವರು ಹೇಳಿದ್ದು ಇಷ್ಟೇ: "ನಮ್ಮ ಅಜ್ಜಾರ ಕುರ್ಚಿ ರೀ. ಮತ್ತೊಮ್ಮೆ ಬಿಚ್ಚದಂಗ ಗಟ್ಟಿ ಮಾಡಿ ಕೊಡ್ರಿ."

ಕುರ್ಚಿಯನ್ನು ಬೋರಲು ಹಾಕಿ ನೋಡಿದೆ. ಹಿಂದೆ ಯಾರೋ ಇದನ್ನು ಮತ್ತೊಮ್ಮೆ ಬಿಚ್ಚದ ಹಾಗೆಯೇ ಗಟ್ಟಿ ಮಾಡಿದ್ದರು. ಹಿಂಗಾಲಿನ ಸಂದಿಗೆ ಬಿಳಿ ಅಂಟು ಸುರಿದು, ಮೇಲಿಂದ ಎರಡಿಂಚಿನ ಮೂರು ಕಬ್ಬಿಣದ ಮೊಳೆ ಹೊಡೆದಿದ್ದರು. ಅಂಟು ಬಿಟ್ಟಿರಲಿಲ್ಲ. ಅದರ ಪಕ್ಕದ ಮರವೇ ಮೊಳೆಯ ಗುಂಟ ಗೇಣುದ್ದ ಸೀಳಿತ್ತು.

ಹಳೆಯ ಪೀಠೋಪಕರಣದ ರಿಪೇರಿಗೆ ಸಾಮಾನು ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಭಾರ ಬಿದ್ದಾಗ, ಹವೆ ಬದಲಾದಾಗ ಯಾವುದಾದರೂ ಒಂದು ಬಿಟ್ಟುಕೊಡಲೇಬೇಕು. ನಾವು ಹೊಸದಾಗಿ ಹಾಕಿದ್ದು ಬಿಟ್ಟುಕೊಟ್ಟರೆ ಅರ್ಧ ದಿನದ ಕೆಲಸ. ಹಳೆಯ ಮರ ಬಿಟ್ಟುಕೊಟ್ಟರೆ ಆ ಮರ ಮತ್ತೆ ಸಿಗುವುದಿಲ್ಲ. ಹಾಗಾಗಿ ಅಂಟು, ತೇಪೆ, ಮೊಳೆ, ಪಾಲಿಶ್ ಎಲ್ಲವೂ ಮೂಲ ಮರಕ್ಕಿಂತ ಒಂದು ಕೂದಲೆಳೆ ಮೆತ್ತಗಿರಬೇಕು. ಬಿಚ್ಚಲೂ ಬರಬೇಕು.

"ನೂರು ವರ್ಷದ ಮರ, ಅದು ಸತ್ತು ಹೋಗೇದ, ಇನ್ನೇನು ಅಲುಗಾಡೂದಿಲ್ಲ" ಎನ್ನುವವರು ಬಹಳ. ಹಾಗಿಲ್ಲ. ನಮ್ಮ ಧಾರವಾಡ ಮಲೆನಾಡಿನ ಸೆರಗಿಗೂ ಬಯಲಿಗೂ ನಡುವಿನ ಊರು. ಆಷಾಢದ ಜಿಟಿಜಿಟಿಯಲ್ಲಿ ಕಪಾಟಿನ ಬಾಗಿಲು ಬಿಗಿಯಾಗುತ್ತದೆ, ಯುಗಾದಿ ಹೊತ್ತಿಗೆ ಅದೇ ಬಾಗಿಲು ಸಡಿಲವಾಗಿ ತಾನೇ ತೆರೆದುಕೊಳ್ಳುತ್ತದೆ. ಮರ ನಾರಿನುದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಸಾಗವಾನಿ ಈ ವಿಷಯದಲ್ಲಿ ಬಹಳ ಸಂಭಾವಿತ ಮರ. ಹಸಿಯಿಂದ ಪೂರ್ತಿ ಒಣಗುವವರೆಗೆ ವರ್ಷದುಂಗುರದ ಗುಂಟ ಶೇ. 5.8, ತಿರುಳಿನಿಂದ ಹೊರಕ್ಕೆ ಶೇ. 2.5ರಷ್ಟು ಮಾತ್ರ ಕುಗ್ಗುತ್ತದೆ. ಮೊದಲನೆಯದು ಎರಡನೆಯದರ ಎರಡು ಪಟ್ಟಿಗಿಂತ ಹೆಚ್ಚು. ಹಲಗೆ ಬಟ್ಟಲಿನ ಹಾಗೆ ಬಾಗುವುದು ಈ ವ್ಯತ್ಯಾಸದಿಂದಲೇ. ತೇಪೆಯ ನಾರು ಮೂಲದ ನಾರಿಗೆ ಅಡ್ಡವಾಗಿ ಕೂತರೆ ಎಂಥ ಅಂಟು ಹಾಕಿದರೂ ಎರಡು ಮಳೆಗಾಲದಲ್ಲಿ ಬಿರುಕು ಕಾಣಿಸುತ್ತದೆ.

ಈಗ ಅಂಟಿಗೆ ಬರೋಣ. ನನ್ನ ಬಳಿ ಬರುವವರು ಅತಿ ಕಡಿಮೆ ವಿಚಾರ ಮಾಡುವುದು ಇದನ್ನೇ, ಅತಿ ಹೆಚ್ಚು ಹಾಳಾಗುವುದೂ ಇದರಿಂದಲೇ.

ಹಳೆಯ ಸಂದು ಬಿಚ್ಚಿದಾಗ ಕಂದುಬಣ್ಣದ, ಗಾಜಿನ ಚೂರಿನಂತೆ ಒಡೆಯುವ ಪುಡಿ ಸಿಕ್ಕರೆ ಅದು ಸರೇಸು, ಚರ್ಮ-ಎಲುಬು ಕುದಿಸಿ ತೆಗೆದ ಅಂಟು. ಬೆರಳ ತುದಿಗೆ ಬಿಸಿನೀರು ಹಚ್ಚಿ ತಿಕ್ಕಿ ನೋಡಿ: ಜಿಗಟಾಗುತ್ತದೆ, ತೊಗಲಿನ ವಾಸನೆ ಬರುತ್ತದೆ. ಇದು ಸಿಕ್ಕಿತೆಂದರೆ ನನಗೆ ಖುಷಿ. ಹೊಸ ಸರೇಸು ಹಳೆಯ ಸರೇಸನ್ನು ಕರಗಿಸಿಕೊಂಡು ಒಂದಾಗುತ್ತದೆ, ಮರವನ್ನು ಕೆರೆದು ಬಿಳಿ ಮಾಡುವ ಕೆಲಸವಿಲ್ಲ. ಮುಂದೆ ಯಾರಿಗಾದರೂ ಬಿಚ್ಚಬೇಕಾದರೆ ಬಿಸಿನೀರು, ಹಬೆ, ಒಂದಿಷ್ಟು ತಾಳ್ಮೆ ಸಾಕು. ಧಾರವಾಡದವರಿಗೆ ಪಿಟೀಲಿನ ಉದಾಹರಣೆ ಕೊಟ್ಟರೆ ತಟ್ಟನೆ ತಿಳಿಯುತ್ತದೆ. ಪಿಟೀಲಿನ ಮೇಲ್ಪಲಗೆಯನ್ನು ಇದೇ ಅಂಟಿನಿಂದ ಕೂಡಿಸುವುದು, ಒಳಗಿನ ದುರಸ್ತಿಗೆ ಅದನ್ನು ತೆಗೆಯಬೇಕಾಗುತ್ತದೆಂದು ಮಾಡಿದವರಿಗೆ ಗೊತ್ತಿರುವುದರಿಂದ.

ಸರೇಸಿನ ಹರಳನ್ನು ಅದರ ಒಂದೂವರೆ-ಎರಡರಷ್ಟು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕಾಯಿಸಬೇಕು. ಕುದಿಸಿದರೆ ಬಲ ಹೋಯಿತು. ಚಳಿಗಾಲದಲ್ಲಿ ಇದು ಒಂದೆರಡು ನಿಮಿಷದಲ್ಲೇ ಹೆಪ್ಪುಗಟ್ಟುವುದರಿಂದ ನಾನು ಮರದ ತುಂಡುಗಳನ್ನು ಮೊದಲು ಅಂಗಳದ ಬಿಸಿಲಿಗೆ ಇಡುತ್ತೇನೆ. ಬೆಚ್ಚಗಾದ ಮರ ಅಂಟನ್ನು ಒಳಗೆಳೆದುಕೊಳ್ಳುತ್ತದೆ.

ಬಿಳಿ ಅಂಟು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಸರೇಸು ಕಾಯಿಸುವ ತಾಪತ್ರಯ ತಪ್ಪಿ ಬಡಗಿಯ ದಿನ ಉಳಿಯಿತು. ಹೊಸ ಸಾಮಾನಿಗೆ ಅದು ಒಳ್ಳೆಯ ಅಂಟು. ಆದರೆ ಒಮ್ಮೆ ನಾರಿನೊಳಗೆ ಇಳಿದರೆ ಪೂರ್ತಿ ತೆಗೆಯುವುದು ಕಷ್ಟ, ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಬೆಚ್ಚಗಿನ ವಿನೆಗರ್ ಬಟ್ಟೆ ಸುತ್ತಿ ಮೆದುಮಾಡಿ, ಉಳಿಯಿಂದ ಚೂರುಚೂರೇ ತೆಗೆಯಬೇಕು. ಮಾಳಮಡ್ಡಿಯ ಕುರ್ಚಿಗೆ ಇದೇ ಕೆಲಸಕ್ಕೆ ಎರಡು ದಿನ ಹೋಯಿತು. ಅಡಿಗೆಮನೆ, ಬಚ್ಚಲ ಕಡೆಯ ಸಾಮಾನಾದರೆ ಸರೇಸು ಬೇಡ, ತೇವಕ್ಕೆ ಬಿಡುತ್ತದೆ. ನಡುವೆ ಮರವೇ ಇಲ್ಲದಂತೆ ತಿಂದುಹೋದ ಜಾಗಕ್ಕೆ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ, ಕಲ್ಲಿನಂತೆ ಗಟ್ಟಿಯಾಗುವ ಅಂಟು) ಸರಿ, ಖಾಲಿ ತುಂಬುವ ಗುಣ ಅದಕ್ಕಿದೆ. ಸಾಗವಾನಿಯ ಹೊಸ ತುಂಡಿಗೆ ಯಾವ ಅಂಟು ಹಚ್ಚುವುದಿದ್ದರೂ ಮೊದಲು ಸ್ಪಿರಿಟ್ ಅಥವಾ ಅಸಿಟೋನ್ ಬಟ್ಟೆಯಿಂದ ಒರೆಸಿ. ಅದರ ಎಣ್ಣೆಯಂಶ ಅಂಟನ್ನು ಹಿಡಿಯಲು ಬಿಡುವುದಿಲ್ಲ.

ಕಬ್ಬಿಣದ ಮೊಳೆಯನ್ನಂತೂ ನಾನು ಹಳೆಯ ಸಾಮಾನಿಗೆ ಹೊಡೆಯುವುದೇ ಇಲ್ಲ. ತೇವ ತಗುಲಿದರೆ ಮರದ ಒಗರಿನ ಅಂಶಕ್ಕೂ ಕಬ್ಬಿಣಕ್ಕೂ ಸೇರಿ ಮಸಿಯಂಥ ಕಪ್ಪು ಕಲೆ ಏಳುತ್ತದೆ, ಅದು ಪಾಲಿಶ್‌ಗೆ ಮುಚ್ಚುವುದಿಲ್ಲ. ಬಿದಿರಿನ ಗೂಟ ಸಾಕು. ಹಿತ್ತಾಳೆಯ ಸ್ಕ್ರೂ ಬೇಕೇ ಬೇಕೆಂದರೆ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ತೆಗೆದು, ಆಮೇಲೆ ಹಿತ್ತಾಳೆಯದು ಹಾಕಿ. ಇಲ್ಲವಾದರೆ ತಲೆ ಮುರಿದು ಒಳಗೇ ಉಳಿಯುತ್ತದೆ.

ತೇಪೆಗೆ ಮರ ಎಲ್ಲಿಂದ? ಹೊಸ ಸಾಗವಾನಿ ಕೊಯ್ದ ದಿನ ಹಳದಿ, ಹಸಿರು ಗೆರೆಗಳಿಂದ ಕಾಣುತ್ತದೆ, ಬೆಳಕಿಗೆ ಬರುಬರುತ್ತ ಬಂಗಾರದ ಕಂದಾಗುತ್ತದೆ. ಆದ್ದರಿಂದ ಸಾಗವಾನಿ ತೇಪೆಯ ಬಣ್ಣವನ್ನು ಹಳೆಯದಕ್ಕಿಂತ ತುಸು ತಿಳಿಯಾಗಿಯೇ ಬಿಡುತ್ತೇನೆ, ಒಂದು ವರ್ಷದಲ್ಲಿ ಅದು ತಾನೇ ಸೇರುತ್ತದೆ. ಹುಬ್ಬಳ್ಳಿಯಲ್ಲಿ ಹಳೇ ಮನೆ ಕೆಡವಿದ ತೊಲೆ, ಚೌಕಟ್ಟು ಮಾರುವವರ ಬಳಿ ಹುಡುಕಿದರೆ ಇದಕ್ಕಿಂತ ಒಳ್ಳೆಯ ಮರ ಸಿಗುತ್ತದೆ. ಚೇಗಿನ ಭಾಗವನ್ನೇ, ಅಂದರೆ ಒಳಗಿನ ಗಟ್ಟಿ ಕಂದು ಮರವನ್ನೇ ಆರಿಸಿ. ಸುತ್ತಲಿನ ಬಿಳಿ ಮರ ಹುಳಕ್ಕೆ ಹಬ್ಬದೂಟ. ಸಣ್ಣ ತೂತುಗಳಿಂದ ಹಿಟ್ಟಿನಂಥ ನುಣುಪು ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಜೀವಂತ ಇದೆ, ಆ ತುಂಡನ್ನು ಮನೆಯೊಳಗೆ ತರಬೇಡಿ.

ಮರದ ಹೊಟ್ಟಿಗೆ ಫೆವಿಕಾಲ್ ಕಲಸಿ ಬಿರುಕು ತುಂಬುವ ಪದ್ಧತಿಯನ್ನು ದಯವಿಟ್ಟು ಬಿಡಿ. ಅದು ಪಾಲಿಶ್ ಕುಡಿಯುವುದಿಲ್ಲ, ಎಲ್ಲಿ ತುಂಬಿದ್ದೀರೋ ಅಲ್ಲಿ ಬೊಟ್ಟು ಇಟ್ಟ ಹಾಗೆ ಕಾಣುತ್ತದೆ. ದೊಡ್ಡ ಬಿರುಕಿಗೆ ಅದೇ ಮರದ ತೆಳು ಚಕ್ಕೆ, ಸಣ್ಣದಕ್ಕೆ ಕಾಯಿಸಿ ಬಿಟ್ಟ ಅರಗು.

ಪಾಲಿಶ್ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪಿದೆ. ಕೆಲಸ ಶುರುಮಾಡಿದ ವರ್ಷಗಳಲ್ಲಿ ಒಂದು ಬೀಟೆಯ ಮೇಜಿಗೆ ಪಿಯು (ಪಾಲಿಯುರೆಥೇನ್, ಪ್ಲಾಸ್ಟಿಕ್ಕಿನಂಥ ಪೊರೆ ಕಟ್ಟುವ ಪಾಲಿಶ್) ಹೊಡೆದುಕೊಟ್ಟೆ. ಕನ್ನಡಿಯಂತೆ ಹೊಳೆಯಿತು. ಐದು ವರ್ಷಕ್ಕೆ ಒಂದು ಮೂಲೆಯಲ್ಲಿ ಗೀರು ಬಿದ್ದು ಪೊರೆ ಏಳತೊಡಗಿತು. ಪಿಯು ಪೊರೆಯನ್ನು ಸ್ಪಿರಿಟ್ ಕರಗಿಸುವುದಿಲ್ಲ, ಅಷ್ಟೇ ಜಾಗ ಸರಿಪಡಿಸಲಾಗಲಿಲ್ಲ. ಇಡೀ ಮೇಲ್ಮೈ ಉಜ್ಜಿದೆ. ಪೊರೆಯ ಜೊತೆಗೆ ಮೂರು ತಲೆಮಾರಿನ ಕೈ ಸವೆದು ಬಂದಿದ್ದ ಬಣ್ಣವೂ ಹೋಯಿತು. ಆ ಮೇಜು ನೆನಪಾದಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಈಗ ಯಾವ ಸಾಮಾನು ಬಂದರೂ ಮೊದಲು ಅಡಿಭಾಗದಲ್ಲಿ, ಕಾಣದ ಕಡೆ, ಸ್ಪಿರಿಟ್ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುತ್ತೇನೆ. ಹತ್ತಿಗೆ ಕಂದುಬಣ್ಣ ಬಂದು ಮರ ಜಿಗಟಾದರೆ ಅರಗಿನ ಪಾಲಿಶ್. ಅದನ್ನು ಕೆರೆಯುವ ಅಗತ್ಯವೇ ಇಲ್ಲ. ಒಂದು ಲೀಟರ್ ಸ್ಪಿರಿಟ್‌ಗೆ 120ರಿಂದ 150 ಗ್ರಾಂ ಅರಗಿನ ಚಕ್ಕೆ ಕರಗಿಸಿ, ಸೋಸಿ, ಬಟ್ಟೆಯ ಉಂಡೆಯಿಂದ ಹಳೆಯದರ ಮೇಲೆಯೇ ತೀಡಬಹುದು. ಆರು ತಿಂಗಳು ಮೀರಿದ ದ್ರಾವಣ ಬೇಗ ಒಣಗುವುದಿಲ್ಲ, ಚೆಲ್ಲಿಬಿಡಿ. ಮಳೆ ಹನಿಯುವ ದಿನ ಪಾಲಿಶ್ ಹಿಡಿಯಬೇಡಿ, ಹವೆಯ ತೇವಕ್ಕೆ ಮೇಲೆ ಹಾಲಿನಂಥ ಮಬ್ಬು ಕೂರುತ್ತದೆ. ಬಿಸಿ ಲೋಟಕ್ಕೆ, ನೀರಿಗೆ ಇದು ಕಲೆಯಾಗುತ್ತದೆ ನಿಜ. ಊಟದ ಮೇಜಿಗೆ ನಾನೂ ಹಚ್ಚುವುದಿಲ್ಲ.

ಕಲಘಟಗಿ ತೊಟ್ಟಿಲು ಮನೆಯಲ್ಲಿದ್ದವರಿಗೆ ಒಂದು ವಿನಂತಿ. ಸಾಗವಾನಿಯ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣ, ಕೃಷ್ಣಲೀಲೆ ಬರೆದ ಆ ಚಿತ್ರಗಳ ಮೇಲೆ ಹೆಸರಿಡುವ ಕಾರ್ಯಕ್ರಮಕ್ಕೆಂದು ವಾರ್ನಿಶ್ ಹೊಡೆಸಬೇಡಿ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಚಿತ್ರ ಕೈಗೆ ಬರುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ತೆಗೆದು, ಸಂದುಗಳನ್ನು ಮಾತ್ರ ಭದ್ರ ಮಾಡಿಸಿಕೊಳ್ಳಿ. ಬಣ್ಣ ಉದುರುತ್ತಿದ್ದರೆ ಕಲಘಟಗಿಯ ಚಿತ್ರಗಾರರ ಬಳಿಗೇ ಒಯ್ಯಿರಿ.

ಮಾಳಮಡ್ಡಿಯ ಕುರ್ಚಿಗೆ ಕೊನೆಗೆ ಬೆತ್ತ. ಪ್ಲಾಸ್ಟಿಕ್ ಪಟ್ಟಿ ಅಗ್ಗ, ತೊಳೆಯಲೂ ಬರುತ್ತದೆ, ಆದರೆ ಅದು ಒಣಗಿ ಬಿಗಿಯಾಗುವುದಿಲ್ಲ, ತೂತಿನ ಅಂಚನ್ನು ಕೊರೆಯುತ್ತದೆ. ಬೆತ್ತದ ಎಳೆಗಳನ್ನು ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹೊಳಪಿನ ಮೈ ಮೇಲಾಗಿ ಹೆಣೆದೆವು. ಹೆಣೆಯುವಾಗ ತುಸು ಜೋಲು ಬಿಟ್ಟಿದ್ದು ಮರುದಿನ ಮಧ್ಯಾಹ್ನದ ಹೊತ್ತಿಗೆ ಬೆರಳಿಂದ ತಟ್ಟಿದರೆ ತಬಲಾದಂತೆ ನುಡಿಯುತ್ತಿತ್ತು. ಕುರ್ಚಿಯನ್ನು ಒಯ್ಯುವ ಮೊದಲು ಹಿಂದಿನ ಅಡ್ಡಪಟ್ಟಿಯ ಅಡಿಯಲ್ಲಿ ಪೆನ್ಸಿಲಿನಿಂದ ಬರೆದೆ: ಸರೇಸು, ಬಿದಿರಿನ ಗೂಟ, ಅರಗು, ತಿಂಗಳು, ವರ್ಷ. ಮುಂದೆ ಇದನ್ನು ಬೋರಲು ಹಾಕುವ ಬಡಗಿ ಮೊದಲು ನೋಡುವುದು ಅಲ್ಲಿಯೇ.