ಒರಿಜಿನಲ್ ಇರುವಾಗ ಡೂಪ್ಲಿಕೇಟ್ ಯಾರಿಗೆ ಬೇಕು?

2000ನೇ ಇಸವಿಯ ಫೆಬ್ರವರಿ. ಜರ್ಮನಿಯ ಹ್ಯಾನೋವರ್ ನಗರದಲ್ಲಿ ಸೆಬಿಟ್ ಕಂಪ್ಯೂಟರ್ ಮೇಳ ನಡೆದಿತ್ತು. ಅಲ್ಲಿನ ಸರ್ಕಾರದ ಮುಖ್ಯಸ್ಥ, ಚಾನ್ಸೆಲರ್ ಗೆರ್‌ಹಾರ್ಡ್ ಶ್ರೋಡರ್ ಅಲ್ಲಿ ಒಂದು ಘೋಷಣೆ ಮಾಡಿದರು. ನಮ್ಮ ಕಂಪನಿಗಳಿಗೆ ಸಾಫ್ಟ್‌ವೇರ್ ಗೊತ್ತಿರುವವರು ಸಾಕಾಗುತ್ತಿಲ್ಲ, ಹೊರಗಿನಿಂದ ಕರೆಸಿಕೊಳ್ಳೋಣ, ಅವರಿಗೆ 'ಗ್ರೀನ್ ಕಾರ್ಡ್' ಕೊಡೋಣ ಅಂತ. ಅಮೆರಿಕದಿಂದ ಹೆಸರು ಮಾತ್ರ ಎರವಲು. ಇದು ಐದೇ ವರ್ಷದ ಪರ್ಮಿಟ್, ಅದೂ 20,000 ಜನರಿಗೆ.

ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದಲ್ಲಿ ಆಗ ಚುನಾವಣೆ ಹತ್ತಿರ ಬಂದಿತ್ತು. ವಿರೋಧ ಪಕ್ಷ ಸಿಡಿಯುನ ಅಭ್ಯರ್ಥಿ ಯುರ್ಗನ್ ರುಟ್‌ಗರ್ಸ್ ಇದನ್ನೇ ಹಿಡಿದುಕೊಂಡರು. ಭಾರತೀಯರನ್ನು ತಂದು ಕಂಪ್ಯೂಟರ್ ಮುಂದೆ ಕೂರಿಸುವ ಬದಲು ನಮ್ಮ ಮಕ್ಕಳನ್ನು ಕೂರಿಸಬೇಕು ಅನ್ನೋದು ಅವರ ಮಾತು. ಜನರ ಬಾಯಲ್ಲಿ ಅದು ಮೂರೇ ಪದಕ್ಕಿಳಿಯಿತು: 'ಕಿಂಡರ್ ಷ್ಟಾಟ್ ಇಂಡರ್'. ಕಿಂಡರ್ ಅಂದರೆ ಮಕ್ಕಳು, ಇಂಡರ್ ಅಂದರೆ ಭಾರತೀಯರು. ಇಂಡರ್ ಬೇಡ, ಕಿಂಡರ್ ಸಾಕು. ಪ್ರಾಸವೇನೋ ಚೆನ್ನಾಗಿಯೇ ಕೂತಿತ್ತು. ಆ 'ಇಂಡರ್' ಅಂದರೆ ಆಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೂತಿದ್ದಂಥ ಹುಡುಗ ಹುಡುಗಿಯರೇ.

ರುಟ್‌ಗರ್ಸ್ ಬೀದಿಯಲ್ಲಿ ಕೂಗಾಡುವ ಉಗ್ರ ಬಲಪಂಥೀಯರಲ್ಲ. ಹೆಲ್ಮುಟ್ ಕೋಲ್ ಸರ್ಕಾರದಲ್ಲಿ ಶಿಕ್ಷಣ ಮತ್ತು ಸಂಶೋಧನಾ ಮಂತ್ರಿಯಾಗಿದ್ದವರು. ಮರ್ಯಾದಸ್ಥ ಪಕ್ಷದ ಮರ್ಯಾದಸ್ಥ ನಾಯಕ. ಮೇ 14ರಂದು ಫಲಿತಾಂಶ ಬಂತು. ಅವರು ಸೋತರು.

ಮಧ್ಯದಲ್ಲಿರುವ ದೊಡ್ಡ ಪಕ್ಷವೊಂದು ವಲಸೆ ವಿಷಯದಲ್ಲಿ ಅಂಚಿನ ಪಕ್ಷಗಳ ಭಾಷೆ ಮಾತಾಡಿದರೆ ಏನಾಗುತ್ತದೆ? ವೋಟು ಬರುತ್ತದಾ, ಅಥವಾ ಇದ್ದದ್ದೂ ಹೋಗುತ್ತದಾ? ಯೂರೋಪಿನ ರಾಜ್ಯಶಾಸ್ತ್ರಜ್ಞರು ಇದೊಂದು ಪ್ರಶ್ನೆಯ ಮೇಲೆ ದಶಕಗಳಿಂದ ಜಗಳವಾಡುತ್ತಿದ್ದಾರೆ. ಫ್ರಾನ್ಸಿನ ಉಗ್ರ ಬಲಪಂಥದ ನಾಯಕ ಜಾನ್-ಮರಿ ಲೆ ಪೆನ್ ಮಾತ್ರ ಯಾವತ್ತೋ ಉತ್ತರ ಹೇಳಿಬಿಟ್ಟಿದ್ದರು: ಜನ ನಕಲಿಗಿಂತ ಅಸಲಿಯನ್ನೇ ಇಷ್ಟಪಡುತ್ತಾರೆ. ಅವರೇ ಅಸಲಿ ಮಾಲಿನ ಅಂಗಡಿ ಇಟ್ಟವರು, ಹಾಗಾಗಿ ಈ ಮಾತನ್ನು ಸುಮ್ನೆ ನಂಬುವಂತಿಲ್ಲ.

ನಕಲು ಗೆದ್ದ ಕತೆಯೂ ಇದೆ. 1978ರ ಜನವರಿ, ಬ್ರಿಟನ್. ಆಗಿನ್ನೂ ವಿರೋಧ ಪಕ್ಷದಲ್ಲಿದ್ದ ಮಾರ್ಗರೆಟ್ ಥ್ಯಾಚರ್ ಟಿವಿ ಸಂದರ್ಶನವೊಂದರಲ್ಲಿ, ಬೇರೆ ಸಂಸ್ಕೃತಿಯ ಜನರಿಂದ ದೇಶ ಮುಳುಗಿಹೋಗುತ್ತದೇನೋ ಎಂಬ ಭಯ ಜನರಿಗಿದೆ ಎಂದರು. ಅದೇ ಸಮಯದಲ್ಲಿ ನ್ಯಾಷನಲ್ ಫ್ರಂಟ್ ಎಂಬ ಉಗ್ರ ಪಕ್ಷ ಬೀದಿಯಲ್ಲಿ ಜೋರು ಮಾಡುತ್ತಿತ್ತು. ಮರುವರ್ಷದ ಚುನಾವಣೆಯಲ್ಲಿ ಅದು 303 ಕಡೆ ಅಭ್ಯರ್ಥಿಗಳನ್ನು ನಿಲ್ಲಿಸಿತು. ಒಬ್ಬರಿಗೂ ಠೇವಣಿ ಉಳಿಯಲಿಲ್ಲ. ಒಟ್ಟು ಸಿಕ್ಕಿದ್ದು ಶೇ. 0.6 ಮತ.

ಥ್ಯಾಚರ್ ಅವರ ಮಾತೊಂದೇ ಇದಕ್ಕೆ ಕಾರಣ ಅನ್ನುವಂತಿಲ್ಲ. ಬ್ರಿಟನ್ನಿನದು ನಮ್ಮದೇ ಪದ್ಧತಿ: ಕ್ಷೇತ್ರದಲ್ಲಿ ಜಾಸ್ತಿ ಮತ ಪಡೆದವನೇ ಗೆದ್ದ. ಸಣ್ಣ ಪಕ್ಷ ಊರೂರಲ್ಲಿ ನೂರಿನ್ನೂರು ಮತ ಕೂಡಿಸಿ ಪ್ರಯೋಜನವಿಲ್ಲ. ಅನುಪಾತ ಪದ್ಧತಿಯ ದೇಶಗಳಲ್ಲಿ ಕತೆ ಬೇರೆ. ಜರ್ಮನಿಯಲ್ಲಿ ಶೇ. 5 ದಾಟಿದರೆ ಸಂಸತ್ತಿನ ಬಾಗಿಲು ತೆರೆಯುತ್ತದೆ, ನೆದರ್ಲೆಂಡ್ಸ್‌ನಲ್ಲಿ ಶೇ. 1ಕ್ಕೂ ಕಡಿಮೆ ಮತಕ್ಕೆ ಒಂದು ಸೀಟು ಸಿಗುತ್ತದೆ. 2005ರಲ್ಲಿ ಬೋನಿ ಮೆಗ್ವಿಡ್ ಎಂಬ ವಿದ್ವಾಂಸೆ ಇದರ ಮೇಲೊಂದು ಪ್ರಬಂಧ ಬರೆದರು. ಹೊಸ ಪಕ್ಷ ತಲೆ ಎತ್ತಿದಾಗ ದೊಡ್ಡ ಪಕ್ಷದ ಮುಂದೆ ಮೂರು ದಾರಿ ಇರುತ್ತವೆ: ಕಂಡೂ ಕಾಣದಂತಿರುವುದು, ನೇರವಾಗಿ ಎದುರಿಸುವುದು, ಇಲ್ಲವೇ ಅದರ ಮಾತನ್ನೇ ತಾನೂ ಆಡುವುದು. ಮೂರನೆಯದು ಕೆಲಸ ಮಾಡಬಲ್ಲದು, ಆದರೆ ಬೇಗ ಮಾಡಬೇಕು. 'ಈ ವಿಷಯ ಅಂದರೆ ಆ ಪಕ್ಷ' ಎಂದು ಜನರ ತಲೆಯಲ್ಲಿ ಕೂತ ಮೇಲೆ ಫಲ ಕಡಿಮೆ.

ಹಾಗೆ ತಲೆಯಲ್ಲಿ ಕೂರುವುದು ಹೇಗೆ ಅಂತ ನೋಡಬೇಕಾದರೆ ಫ್ರಾನ್ಸಿಗೇ ಹೋಗಬೇಕು.

ಪ್ಯಾರಿಸ್‌ನ ಪಶ್ಚಿಮಕ್ಕೆ ಡ್ರೂ ಎಂಬ ಕಾರ್ಖಾನೆಗಳ ಊರಿದೆ. 1983ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಪುರಸಭೆಗೆ ಮರುಚುನಾವಣೆ. ಅಲ್ಲಿಯವರೆಗೆ ಲೆಕ್ಕಕ್ಕೇ ಇಲ್ಲದಿದ್ದ ಲೆ ಪೆನ್ ಅವರ (ಬ್ರಿಟನ್ನಿನದಲ್ಲ, ಹೆಸರು ಮಾತ್ರ ಒಂದೇ) ನ್ಯಾಷನಲ್ ಫ್ರಂಟ್‌ಗೆ ಮೊದಲ ಸುತ್ತಿನಲ್ಲಿ ಸುಮಾರು ಶೇ. 17 ಮತ ಬಂತು. ಎರಡನೇ ಸುತ್ತಿಗೆ ಅಲ್ಲಿನ ಗೌರವಸ್ಥ ಬಲಪಂಥೀಯರು ಅವರ ಜೊತೆ ಕೈ ಜೋಡಿಸಿ ಒಂದೇ ಪಟ್ಟಿ ಮಾಡಿದರು, ಪುರಸಭೆ ಗೆದ್ದರು. ಊರು ಚಿಕ್ಕದು, ಸುದ್ದಿ ದೊಡ್ಡದು. ಮರುವರ್ಷ ಯೂರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಲೆ ಪೆನ್ ಪಕ್ಷಕ್ಕೆ ಶೇ. 11ರಷ್ಟು ಮತ ಬಿತ್ತು.

1991ರಲ್ಲಿ ಪ್ಯಾರಿಸ್ ಮೇಯರ್ ಆಗಿದ್ದ ಜಾಕ್ ಷಿರಾಕ್ ಓರ್ಲಿಯನ್ಸ್‌ನಲ್ಲಿ ಪಕ್ಷದವರ ಔತಣಕೂಟದಲ್ಲಿ ಮಾತಾಡಿದರು. ದುಡಿದು ತಿನ್ನುವ ಫ್ರೆಂಚ್ ಕೆಲಸಗಾರ, ಪಕ್ಕದ ಮನೆಯಲ್ಲಿ ಹಲವು ಹೆಂಡಿರು ಮತ್ತು ಇಪ್ಪತ್ತು ಮಕ್ಕಳ ವಲಸಿಗ ಕುಟುಂಬ, ಅವರಿಗೆ ಸರ್ಕಾರದಿಂದ ಕೈತುಂಬಾ ಭತ್ಯೆ. ಅದರ ಮೇಲೆ 'ಗಲಾಟೆ ಮತ್ತು ವಾಸನೆ'. ಆ ಎರಡು ಪದಗಳು ಷಿರಾಕ್ ಅವರ ಹೆಸರಿಗೆ ಕೊನೆತನಕ ಅಂಟಿಕೊಂಡವು. ಇಷ್ಟೆಲ್ಲ ಹೇಳಿ ಲೆ ಪೆನ್ ಅವರ ಮತ ಇಳಿಯಿತಾ? 1988ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರಿಗೆ ಶೇ. 14.4 ಬಂದಿತ್ತು. 1995ರಲ್ಲಿ ಶೇ. 15. 2002ರಲ್ಲಿ ಶೇ. 16.9, ಮತ್ತು ಆ ಸಲ ಅವರು ಸಮಾಜವಾದಿ ಪ್ರಧಾನಿ ಜೋಸ್ಪಿನ್ ಅವರನ್ನು ಹಿಂದಿಕ್ಕಿ ಕೊನೆಯ ಸುತ್ತಿಗೇ ಬಂದು ನಿಂತರು. ಎದುರಿಗಿದ್ದವರು ಇದೇ ಷಿರಾಕ್. ಎಡಪಂಥೀಯರು ಮೂಗು ಮುಚ್ಚಿಕೊಂಡು ಷಿರಾಕ್‌ಗೆ ವೋಟು ಹಾಕಿ ಶೇ. 82ರಲ್ಲಿ ಗೆಲ್ಲಿಸಿದರು.

ಆಮೇಲೆ ಬಂದವರು ನಿಕೊಲಾ ಸರ್ಕೋಜಿ. 2007ರಲ್ಲಿ ಅವರು ವಲಸೆ ಮತ್ತು ರಾಷ್ಟ್ರೀಯ ಅಸ್ಮಿತೆ ಎರಡನ್ನೂ ಸೇರಿಸಿ ಒಂದು ಸಚಿವಾಲಯ ಮಾಡುವುದಾಗಿ ಮಾತು ಕೊಟ್ಟರು, ಗೆದ್ದ ಮೇಲೆ ಮಾಡಿದರು ಕೂಡ. ಲೆ ಪೆನ್ ಶೇ. 10.4ಕ್ಕೆ ಕುಸಿದರು. ನಕಲು ಗೆದ್ದಿತು, ಕತೆ ಮುಗಿಯಿತು ಅಂತ ಪತ್ರಿಕೆಗಳು ಬರೆದವು. ಐದು ವರ್ಷ ಕಳೆಯಿತು. ಮಗಳು ಮರೀನ್ ಲೆ ಪೆನ್ ಬಂದು ಶೇ. 17.9 ತೆಗೆದುಕೊಂಡರು. 2017ರ ಕೊನೆಯ ಸುತ್ತಿನಲ್ಲಿ ಶೇ. 34, 2022ರಲ್ಲಿ ಶೇ. 41.5. ಹೋದ ಮತ ಬಡ್ಡಿ ಸಮೇತ ವಾಪಸ್ ಬಂದಿತ್ತು.

2023ರ ಡಿಸೆಂಬರ್‌ನಲ್ಲಿ ಮ್ಯಾಕ್ರಾನ್ ಸರ್ಕಾರ ಬಿಗಿಯಾದ ವಲಸೆ ಕಾನೂನೊಂದನ್ನು ಪಾಸು ಮಾಡಿಸಿತು. ಮರೀನ್ ಪಕ್ಷದವರು ಅದರ ಪರವಾಗಿ ಮತ ಹಾಕಿ, ಇದು ನಮ್ಮ 'ಸೈದ್ಧಾಂತಿಕ ಗೆಲುವು' ಎಂದು ಹೇಳಿಕೊಂಡರು. ಸರ್ಕಾರ ತನ್ನದೇ ಮಸೂದೆ ಗೆದ್ದು ಮುಖ ಸಪ್ಪೆ ಮಾಡಿಕೊಂಡು ಕೂತಿತ್ತು. ಮುಂದಿನ ತಿಂಗಳು, ಕಾನೂನುಗಳು ಸಂವಿಧಾನಕ್ಕೆ ಹೊಂದುತ್ತವೆಯೇ ಎಂದು ನೋಡುವ ಸಂವಿಧಾನ ಮಂಡಳಿ ಆ ಕಾನೂನಿನ ಮೂರನೇ ಒಂದಕ್ಕಿಂತ ಜಾಸ್ತಿ ಕಲಂಗಳನ್ನು ಕಿತ್ತುಹಾಕಿತು. ಆರು ತಿಂಗಳಿಗೆ ಯೂರೋಪಿಯನ್ ಚುನಾವಣೆ ಬಂತು, ಮರೀನ್ ಪಕ್ಷಕ್ಕೆ ಶೇ. 31.4.

ಈ ಲೆಕ್ಕವನ್ನು ಒಂದು ದೇಶಕ್ಕೆ ಬಿಡದೆ, ಪಶ್ಚಿಮ ಯೂರೋಪಿನ 12 ದೇಶಗಳಲ್ಲಿ 1976ರಿಂದ ನಡೆದ ಚುನಾವಣೆಗಳನ್ನು ಸೇರಿಸಿ ನೋಡಿದವರಿದ್ದಾರೆ: ವೆರ್ನರ್ ಕ್ರೌಜ, ಡೆನಿಸ್ ಕೋಹೆನ್ ಮತ್ತು ತಾರಿಕ್ ಅಬು-ಚಾಡಿ. ದೊಡ್ಡ ಪಕ್ಷಗಳು ವಲಸೆಯ ಬಗ್ಗೆ ಗಟ್ಟಿಯಾದಾಗ ಉಗ್ರ ಬಲಪಂಥದ ಮತ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಅದಕ್ಕೆ ಉಲ್ಟಾ ಸುಳಿವು. ದೊಡ್ಡ ಪಕ್ಷ ಬಿಟ್ಟು ಉಗ್ರ ಬಲಪಂಥಕ್ಕೆ ಹೋಗುವ ಮತಗಳೇ ಜಾಸ್ತಿ.

ಇದಕ್ಕೆ ಒಪ್ಪದವರು ಕೂಡಲೇ ಡೆನ್ಮಾರ್ಕ್ ತೋರಿಸುತ್ತಾರೆ.

ಡೆನ್ಮಾರ್ಕ್ 2016ರಲ್ಲಿ ಒಂದು ಕಾನೂನು ಮಾಡಿತು. ಆಶ್ರಯ ಕೇಳಿ ಬಂದವರ ಹತ್ತಿರ 10,000 ಕ್ರೋನರ್‌ಗಿಂತ ಜಾಸ್ತಿ ಬೆಲೆಯ ಒಡವೆ, ವಸ್ತು ಇದ್ದರೆ ಅವರ ಖರ್ಚಿಗೆಂದು ಜಪ್ತಿ ಮಾಡಬಹುದು. ಮದುವೆ ಉಂಗುರ ಬಿಡಬೇಕೋ ಬೇಡವೋ ಎಂಬ ಚರ್ಚೆಯೂ ನಡೆದು, ಕೊನೆಗೆ ಬಿಟ್ಟರು. ತಂದದ್ದು ಬಲಪಂಥೀಯ ಸರ್ಕಾರವಾದರೂ, ವಿರೋಧ ಪಕ್ಷದಲ್ಲಿದ್ದ ಸೋಷಿಯಲ್ ಡೆಮಾಕ್ರಾಟರು ಪರವಾಗಿ ಮತ ಹಾಕಿದರು. ಅವರ ನಾಯಕಿ ಮೆಟ್ಟೆ ಫ್ರೆಡರಿಕ್ಸನ್ ಅವರ ವಾದ ಹೀಗಿತ್ತು: ವಲಸೆಯ ಭಾರ ಬೀಳುವುದು ಬಡ ಬಡಾವಣೆಗಳ ಮೇಲೆ, ಹಾಗಾಗಿ ಅದನ್ನು ಬಿಗಿ ಮಾಡುವುದು ಎಡಪಂಥದ್ದೇ ಕೆಲಸ. 2019ರಲ್ಲಿ ಅವರು ಪ್ರಧಾನಿಯಾದರು. ಉಗ್ರ ಬಲಪಂಥದ ಡ್ಯಾನಿಷ್ ಪೀಪಲ್ಸ್ ಪಾರ್ಟಿ ಶೇ. 21.1ರಿಂದ 8.7ಕ್ಕೆ ಬಿತ್ತು.

ಅಂಕಿ ನೋಡಿದರೆ ಬಾಯಿ ಮುಚ್ಚಬೇಕು, ಅಲ್ವಾ? ಆದರೆ ಪಕ್ಕದ ಕಾಲಂ ಕೂಡ ನೋಡಬೇಕು. ಫ್ರೆಡರಿಕ್ಸನ್ ಪಕ್ಷದ ಮತ ಏರಲಿಲ್ಲ, ಶೇ. 26.3ರಿಂದ 25.9ಕ್ಕೆ ಕೂದಲೆಳೆಯಷ್ಟು ಇಳಿಯಿತು. ಒಂದು ಬಾಗಿಲಿನಿಂದ ಬಲಪಂಥದ ಕೆಲವರು ಒಳಗೆ ಬಂದರು, ಇನ್ನೊಂದು ಬಾಗಿಲಿನಿಂದ ಉದಾರವಾದಿಗಳು ಎದ್ದು ಹೋದರು. ಅದೃಷ್ಟಕ್ಕೆ ಎದ್ದು ಹೋದವರು ಕೂತದ್ದು ಮಿತ್ರಪಕ್ಷಗಳ ಜಗಲಿಯಲ್ಲೇ. ಎಲ್ಲ ಸೇರಿಸಿದಾಗ ಬಹುಮತ ಬಂತು. ಇತ್ತ 2022ರಲ್ಲಿ ಡ್ಯಾನಿಷ್ ಪೀಪಲ್ಸ್ ಪಾರ್ಟಿ ಶೇ. 2.6ಕ್ಕೆ ಇಳಿದರೂ, ವಲಸೆಯ ಬಗ್ಗೆ ಅಷ್ಟೇ ಗಡುಸಾದ ಡೆನ್ಮಾರ್ಕ್ ಡೆಮಾಕ್ರಾಟ್ಸ್ ಎಂಬ ಹೊಸ ಪಕ್ಷ ಶೇ. 8.1 ಎತ್ತಿಕೊಂಡಿತು. ಅಂಗಡಿ ಮುಚ್ಚಿತು, ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಮೈತ್ರಿಯ ಲೆಕ್ಕ ಹೊಂದಿಕೊಂಡರೆ ನಕಲು ಅಧಿಕಾರ ತರಬಹುದು ಅನ್ನೋದನ್ನು ಡೆನ್ಮಾರ್ಕ್ ತೋರಿಸಿದೆ. ಅದಕ್ಕಿಂತ ಜಾಸ್ತಿ ತೋರಿಸಿದೆ ಅಂತ ನನಗನಿಸುವುದಿಲ್ಲ.

ನೆದರ್ಲೆಂಡ್ಸ್‌ನ ಕತೆ ಚಿಕ್ಕದು. 2023ರ ಜುಲೈನಲ್ಲಿ ಮಾರ್ಕ್ ರುಟ್ಟೆ ಸರ್ಕಾರ ಬಿತ್ತು. ನಿರಾಶ್ರಿತರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದಕ್ಕೆ ಕಡಿವಾಣ ಹಾಕಬೇಕು ಎಂದು ಅವರ ಪಕ್ಷ ಹಟ ಹಿಡಿದಿತ್ತು. ಹಾಗಾಗಿ ಚುನಾವಣೆಯ ವಿಷಯ ಯಾವುದೆಂದು ಮೊದಲೇ ತೀರ್ಮಾನವಾಯಿತು. ಆ ಪಕ್ಷದ ಹೊಸ ನಾಯಕಿ, ಉಗ್ರ ಬಲಪಂಥದ ನಾಯಕ ಖೇರ್ಟ್ ವಿಲ್ಡರ್ಸ್ ಜೊತೆ ಸರ್ಕಾರ ಮಾಡುವುದೇ ಇಲ್ಲ ಅಂತೇನಿಲ್ಲ ಎಂಬರ್ಥದಲ್ಲಿ ಬಾಗಿಲು ಅರ್ಧ ತೆರೆದರು. ವಿಲ್ಡರ್ಸ್‌ಗೆ ಹಾಕಿದ ಮತ ದಂಡವಾಗುವುದಿಲ್ಲ ಅನ್ನುವ ಧೈರ್ಯ ಜನರಿಗೆ ಬಂತು. ನವೆಂಬರ್‌ನಲ್ಲಿ ಅವರ ಪಕ್ಷ 150ರಲ್ಲಿ 37 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂತು.

ಮತ್ತೆ ಜರ್ಮನಿಗೆ. 2013ರಲ್ಲಿ ಹುಟ್ಟಿದ ಎಎಫ್‌ಡಿ ಪಕ್ಷದ ಮೊದಲ ಸಿಟ್ಟು ವಲಸಿಗರ ಮೇಲಲ್ಲ, ಯೂರೋ ಕರೆನ್ಸಿಯ ಮೇಲೆ. ಕಟ್ಟಿದವರಲ್ಲಿ ಮುಖ್ಯರಾದ ಬೆರ್ಂಡ್ ಲುಕ್ಕೆ ಅರ್ಥಶಾಸ್ತ್ರದ ಮೇಷ್ಟ್ರು. ಆ ವರ್ಷ ಶೇ. 4.7 ಬಂದು ಹೊಸ್ತಿಲಲ್ಲೇ ಉಳಿಯಿತು. 2015ರಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಇರಾಕ್ ಕಡೆಯಿಂದ ಸುಮಾರು 8,90,000 ಜನ ಆಶ್ರಯ ಕೇಳಿ ಜರ್ಮನಿಗೆ ಬಂದರು. ಆಗಿನ ಚಾನ್ಸೆಲರ್ ಏಂಜೆಲಾ ಮರ್ಕೆಲ್ 'ನಮ್ಮಿಂದ ಆಗುತ್ತದೆ' ಎಂದಿದ್ದರು. 2017ರಲ್ಲಿ ಎಎಫ್‌ಡಿ ಶೇ. 12.6 ಪಡೆದು ಸಂಸತ್ತಿಗೆ ಬಂತು.

2025ರ ಜನವರಿಯಲ್ಲಿ ಆಷಾಫೆನ್‌ಬುರ್ಗ್ ಎಂಬ ಊರಿನ ಪಾರ್ಕಿನಲ್ಲಿ ಚೂರಿ ದಾಳಿಯಾಗಿ ಒಂದು ಮಗುವೂ ಅದನ್ನು ಕಾಪಾಡಲು ಹೋದ ಒಬ್ಬರೂ ಸತ್ತರು. ಆರೋಪಿ ಅಫ್ಘನ್. ವಾರದೊಳಗೆ ಸಿಡಿಯು ನಾಯಕ ಫ್ರೆಡರಿಕ್ ಮೆರ್ಜ್ ಗಡಿ ಬಿಗಿ ಮಾಡುವ ನಿರ್ಣಯವನ್ನು ಸಂಸತ್ತಿನಲ್ಲಿಟ್ಟು, ಎಎಫ್‌ಡಿ ಮತಗಳ ನೆರವಿನಿಂದ ಕೆಲವೇ ಮತಗಳ ಅಂತರದಲ್ಲಿ ಪಾಸು ಮಾಡಿಸಿಕೊಂಡರು. ಯುದ್ಧಾನಂತರದ ಜರ್ಮನಿಯಲ್ಲಿ ಇದು ಉಗ್ರ ಬಲಪಂಥದ ನೆರವು ಪಡೆಯಬಾರದೆಂಬ ದೊಡ್ಡ ಗೆರೆ ದಾಟಿದಂತೆ. ಮರ್ಕೆಲ್ ಸ್ವತಃ ಹೇಳಿಕೆ ಕೊಟ್ಟು, ಇದು ತಪ್ಪು ಎಂದರು. ಫೆಬ್ರವರಿ 23ರ ಚುನಾವಣೆಯಲ್ಲಿ ಮೆರ್ಜ್ ಅವರ ಕೂಟಕ್ಕೆ ಶೇ. 28.5 ಬಂತು. ಮೊದಲ ಸ್ಥಾನ ಹೌದು, ಆದರೆ ಅದರ ಚರಿತ್ರೆಯಲ್ಲೇ ಎರಡನೇ ಅತಿ ಕಡಿಮೆ. ಎಎಫ್‌ಡಿ ಶೇ. 20.8, ಹಿಂದಿನ ಸಲದ ಎರಡರಷ್ಟು. ಆ ನಿರ್ಣಯವಿಲ್ಲದಿದ್ದರೆ ಎಎಫ್‌ಡಿಗೆ ಇನ್ನೂ ಜಾಸ್ತಿ ಬರುತ್ತಿತ್ತೇನೋ ಎನ್ನುವವರೂ ಇದ್ದಾರೆ. ನಡೆಯದೇ ಇದ್ದದ್ದನ್ನು ಅಳೆಯುವ ತಕ್ಕಡಿ ಯಾರ ಹತ್ತಿರವೂ ಇಲ್ಲ.

ನನಗೆ ಎದ್ದು ಕಾಣುವುದು ಬೇರೆ ಎರಡು ಅಂಕಿಗಳು. ಜರ್ಮನಿಯಲ್ಲಿ ಹೊಸದಾಗಿ ಆಶ್ರಯ ಕೇಳಿದವರು 2023ರಲ್ಲಿ ಸುಮಾರು 3,29,000, 2024ರಲ್ಲಿ ಸುಮಾರು 2,30,000. ಬರುವವರು ಕಡಿಮೆಯಾಗುತ್ತಿದ್ದರು, ಅವರ ಬಗ್ಗೆ ಮಾತು ಮಾತ್ರ ಏರುತ್ತಿತ್ತು. ಎಎಫ್‌ಡಿಗೆ ಶೇ. 38.6 ಕೊಟ್ಟ ಥುರಿಂಗಿಯಾ, ದೇಶದಲ್ಲಿ ವಲಸಿಗರು ಕಡಿಮೆ ಇರುವ ರಾಜ್ಯಗಳಲ್ಲೊಂದು.

ಅಂದಹಾಗೆ, 2024ರ ಸೆಪ್ಟೆಂಬರ್ 16ರಂದು ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಅದಾದ ಮುಂದಿನ ತಿಂಗಳೇ ಚಾನ್ಸೆಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದರು. ಕೆಲಸ ಗೊತ್ತಿರುವ ಭಾರತೀಯರಿಗೆ ವರ್ಷಕ್ಕೆ ಕೊಡುತ್ತಿದ್ದ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವ ತೀರ್ಮಾನ ಹೊರಬಿತ್ತು. ಇಂಡರ್ ಬೇಕು ಅಂತ ಈ ಸಲ ಅವರೇ ಬಾಗಿಲಿಗೆ ಬಂದಿದ್ದರು.