ಡಿಸ್ಪರ್ಸ್ಡ್ ಕ್ಯಾಂಪಿಂಗ್: ಎಲ್ಲಿ, ಹೇಗೆ, ಎಷ್ಟು ದಿನ

ಅಮೆರಿಕದಲ್ಲಿರುವ ನಮ್ಮವರ ನಡುವೆ ಲಾಂಗ್ ವೀಕೆಂಡ್ ಬಂತೆಂದರೆ ಒಂದು ಸಲಹೆ ಓಡಾಡುತ್ತದೆ. "ಯೊಸೆಮಿಟಿಯಲ್ಲಿ ಕ್ಯಾಂಪ್‌ಸೈಟ್ ಸಿಗಲಿಲ್ವಾ? ಬಿಡಿ, ಡಿಸ್ಪರ್ಸ್ಡ್ ಕ್ಯಾಂಪಿಂಗ್ ಮಾಡಿ, ಫ್ರೀ." ಅಂದರೆ ಕ್ಯಾಂಪ್‌ಗ್ರೌಂಡ್ ಬಿಟ್ಟು ಕಾಡಿನಲ್ಲೇ ಟೆಂಟ್ ಹಾಕಿ ತಂಗುವುದು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮಾತು ತಪ್ಪು. ಯೊಸೆಮಿಟಿ ಕ್ಯಾಲಿಫೋರ್ನಿಯಾದ ಒಂದು ನ್ಯಾಷನಲ್ ಪಾರ್ಕ್. ಅದರೊಳಗೆ ಕಾರಿನಲ್ಲಿ ಮಲಗಬೇಕೆಂದರೂ ಕ್ಯಾಂಪ್‌ಗ್ರೌಂಡಿನಲ್ಲಿ ನಿಮ್ಮದೊಂದು ಜಾಗ ಇರಬೇಕು. ಚೀಲ ಹೊತ್ತು ಕಾಡಿನೊಳಗೆ ನಡೆದುಹೋಗಿ ರಾತ್ರಿ ಕಳೆಯುವವರಿಗೆ ವೈಲ್ಡರ್ನೆಸ್ ಪರ್ಮಿಟ್ ಬೇಕು. ರಸ್ತೆ ಬದಿ ಗಾಡಿ ನಿಲ್ಲಿಸಿ ಟೆಂಟ್ ಬಿಚ್ಚುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ.

ಅವಕಾಶ ಇರುವುದು ನ್ಯಾಷನಲ್ ಫಾರೆಸ್ಟಿನಲ್ಲಿ. ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಎರಡರ ಹೆಸರಲ್ಲೂ ನ್ಯಾಷನಲ್ ಇದೆ, ಎರಡರಲ್ಲೂ ರೇಂಜರ್ ಇರುತ್ತಾರೆ, ಮರಗಳೂ ಇರುತ್ತವೆ. ಹೋಲಿಕೆ ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯುತ್ತದೆ. ಪಾರ್ಕುಗಳು ಒಳನಾಡು ಇಲಾಖೆಯ ಕೆಳಗೆ ಬರುತ್ತವೆ. 1916ರ ಕಾನೂನು ಅವನ್ನು ಮುಂದಿನ ಪೀಳಿಗೆಗೆ ಕೆಡದಂತೆ ಉಳಿಸಬೇಕು ಎನ್ನುತ್ತದೆ. ಫಾರೆಸ್ಟುಗಳು ಇರುವುದು ಕೃಷಿ ಇಲಾಖೆಯ ಕೆಳಗೆ. ಹೌದು, ಕೃಷಿ ಇಲಾಖೆಯೇ. 1905ರಲ್ಲಿ ಮೀಸಲು ಕಾಡುಗಳನ್ನು ಅದರ ಕೈಗೆ ಒಪ್ಪಿಸಿದರು. ಫಾರೆಸ್ಟ್ ಸರ್ವಿಸ್ ಹುಟ್ಟಿದ್ದೂ ಆಗಲೇ, ಗಿಫರ್ಡ್ ಪಿಂಚೋ ಅದರ ಮೊದಲ ಮುಖ್ಯಸ್ಥರಾದರು. ಕಾಡನ್ನು ಬಳಸಬೇಕು, ಆದರೆ ಮುಗಿಸಬಾರದು ಅನ್ನುವುದು ಅವರ ನಿಲುವು. 1960ರ ಕಾನೂನು ಇದನ್ನೇ ಬಿಡಿಸಿ ಹೇಳಿತು: ಮರ, ಮೇವು, ನೀರು, ಕಾಡುಪ್ರಾಣಿ, ಜನರ ವಿಹಾರ, ಎಲ್ಲಕ್ಕೂ ಈ ನೆಲದಲ್ಲಿ ಪಾಲಿದೆ. ಅದಕ್ಕೇ ಫಾರೆಸ್ಟಿನಲ್ಲಿ ನಿಮ್ಮ ಟೆಂಟಿನ ಮುಂದೆ ಯಾರದೋ ದನ ಮೇಯುತ್ತಿದ್ದರೆ ಅದು ತಪ್ಪಿಸಿಕೊಂಡು ಬಂದದ್ದಲ್ಲ. ಅದರ ಮಾಲೀಕರಿಗೆ ಅಲ್ಲಿ ಮೇಯಿಸಲು ಪರ್ಮಿಟ್ ಇರುತ್ತದೆ.

ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೋದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸೌತ್ ರಿಮ್, ಅಂದರೆ ಕಣಿವೆಯ ದಕ್ಷಿಣ ಅಂಚಿನ, ಗೇಟಿನ ಒಳಗೆ ಪಾರ್ಕ್. ಗೇಟಿನ ಹೊರಗೆ ಟುಸಾಯನ್ ಊರಿನ ಸುತ್ತ ಕೈಬಾಬ್ ನ್ಯಾಷನಲ್ ಫಾರೆಸ್ಟ್. ಒಳಗೆ ಕ್ಯಾಂಪ್‌ಗ್ರೌಂಡ್ ಬುಕ್ ಮಾಡಬೇಕು. ಹೊರಗೆ ಮಣ್ಣಿನ ರಸ್ತೆ ಹಿಡಿದು ಹೋಗಿ, ಬುಕಿಂಗ್ ಇಲ್ಲದೆ, ದುಡ್ಡು ಕೊಡದೆ ತಂಗಬಹುದು. ಇದೇ ಡಿಸ್ಪರ್ಸ್ಡ್ ಕ್ಯಾಂಪಿಂಗ್. ಕ್ಯಾಂಪ್‌ಗ್ರೌಂಡಿನ ಹೊರಗೆ, ಯಾವ ಸೌಕರ್ಯವೂ ಇಲ್ಲದ ಕಡೆ ಉಳಿಯುವುದು. ನಲ್ಲಿ ಇಲ್ಲ, ಟಾಯ್ಲೆಟ್ ಇಲ್ಲ, ಕಸದ ಡಬ್ಬಿ ಇಲ್ಲ.

ಡಿಸ್ಪರ್ಸ್ಡ್ ಎಂದರೆ ಚದುರಿದ್ದು ತಾನೇ, ಹಾಗಾದರೆ ಯಾವ ಹುಲ್ಲುಗಾವಲಿನಲ್ಲಾದರೂ ಗಾಡಿ ಇಳಿಸಬಹುದು ಅಂತ ಕೆಲವರು ವಾದಿಸುತ್ತಾರೆ. ಇದು ನನಗೆ ತುಂಬ ಬೇಸರ ತರುವ ತಪ್ಪು. ಜನ ಒಂದೇ ಕ್ಯಾಂಪ್‌ಗ್ರೌಂಡಿನಲ್ಲಿ ಸೇರದೆ ಕಾಡಿನ ತುಂಬ ಹರಡಿರುತ್ತಾರೆ ಎನ್ನುವುದಷ್ಟೇ ಆ ಮಾತಿನ ಅರ್ಥ. ನೀವು ಹೊಸ ಜಾಗ ಮಾಡಿಕೊಳ್ಳಬೇಕು ಎಂದಲ್ಲ. ಗಾಡಿಯಲ್ಲಿ ಹೋಗುವವರು ಹಿಂದೆ ಯಾರೋ ತಂಗಿ ನೆಲ ಗಟ್ಟಿಯಾಗಿರುವ ಜಾಗವನ್ನೇ ಹುಡುಕಬೇಕು. ಗಾಡಿ ಯಾವ ರಸ್ತೆಯಲ್ಲಿ ಹೋಗಬಹುದು, ರಸ್ತೆಯಿಂದ ಎಷ್ಟು ದೂರ ಇಳಿಸಬಹುದು ಎಂಬುದಕ್ಕೆ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಇದೆ, ಪುಕ್ಕಟೆ ಸಿಗುತ್ತದೆ. ಮ್ಯಾಪಿನಲ್ಲಿ ಇಲ್ಲದ ರಸ್ತೆ ಕಣ್ಣಿಗೆ ಚೆನ್ನಾಗಿ ಕಂಡರೂ ನಿಮ್ಮ ಗಾಡಿಗಲ್ಲ. ಜನ ಇದನ್ನು ಕೇಳದೇ ಹೋದ ಕಡೆ ಫಾರೆಸ್ಟ್ ಸರ್ವಿಸ್ ಬಿಗಿ ಮಾಡಿದೆ. ಅರಿಜೋನಾದ ಸೆಡೋನಾ ಹತ್ತಿರ, ಕೊಲರಾಡೊದ ಕ್ರೆಸ್ಟೆಡ್ ಬ್ಯೂಟ್ ಹತ್ತಿರ ಈಗ ಹಲವೆಡೆ ಗುರುತು ಹಾಕಿದ ಜಾಗದಲ್ಲಿ ಮಾತ್ರ ಟೆಂಟ್ ಹಾಕಬೇಕು.

ದಿನದ ಲೆಕ್ಕ ಸಾಮಾನ್ಯವಾಗಿ 14. ಕೈಬಾಬಿನಲ್ಲಿ 30 ದಿನದ ಅವಧಿಯಲ್ಲಿ 14 ದಿನ. ಬೇರೆ ಫಾರೆಸ್ಟುಗಳಲ್ಲಿ ಲೆಕ್ಕ ಬೇರೆ ಇರಬಹುದು, ಅಲ್ಲಿನ ರೇಂಜರ್ ಆಫೀಸಿಗೆ ಒಂದು ಫೋನ್ ಮಾಡಿದರೆ ಹೇಳುತ್ತಾರೆ.

ನೀರಿನಿಂದ 200 ಅಡಿ ದೂರ ಇದ್ದರೆ ಬಹುಪಾಲು ಕಡೆ ಸರಿ, ಅಂದರೆ ದೊಡ್ಡವರ ಹೆಜ್ಜೆಯಲ್ಲಿ ಸುಮಾರು 70. ಅರಿಜೋನಾದಲ್ಲಿ ಇನ್ನೂ ಕಟ್ಟುನಿಟ್ಟು. ಒಂಟಿ ನೀರಿನ ಗುಂಡಿಯಿಂದಲೋ ದನಗಳ ತೊಟ್ಟಿಯಿಂದಲೋ ಕಾಲು ಮೈಲಿ ದೂರ ಇರಬೇಕು ಅಂತ ರಾಜ್ಯದ ಕಾನೂನೇ ಇದೆ. ಆ ಒಣನೆಲದಲ್ಲಿ ಜಿಂಕೆಗೂ ದನಕ್ಕೂ ಇರುವುದು ಅದೊಂದೇ ನೀರು. ಪಕ್ಕದಲ್ಲಿ ದೀಪ, ಮಾತು, ನಾಯಿ ಇದ್ದರೆ ಅವು ಹತ್ತಿರ ಬರುವುದಿಲ್ಲ. ಟಾಯ್ಲೆಟ್ ಇಲ್ಲದ ಕಡೆ 6ರಿಂದ 8 ಇಂಚು ಆಳದ ಗುಂಡಿ ತೋಡಿ ಮುಚ್ಚಬೇಕು, ಅದೂ ನೀರಿನಿಂದ 200 ಅಡಿ ಆಚೆ. ಬಳಸಿದ ಪೇಪರನ್ನು ಚೀಲದಲ್ಲಿ ಹಾಕಿ ವಾಪಸ್ ತರುವುದೇ ಸರಿ.

ಇನ್ನು ಬೆಂಕಿ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್‌ಗ್ರೌಂಡಿನ ಹೊರಗೆ ಚಹಾ ಕಾಯಿಸುವ ಚಿಕ್ಕ ಗ್ಯಾಸ್ ಸ್ಟವ್‌ಗೂ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಅದೂ ಪುಕ್ಕಟೆ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಆದರೆ ಆ ಫಾರೆಸ್ಟಿನಲ್ಲಿ ಆಗ ಬೆಂಕಿ ನಿಷೇಧ ಇದ್ದರೆ ಪರ್ಮಿಟ್ ಕೈಯಲ್ಲಿದ್ದರೂ ಸೌದೆ ಹೊತ್ತಿಸುವಂತಿಲ್ಲ. 2016ರ ಜುಲೈನಲ್ಲಿ ಬಿಗ್ ಸರ್ ಹತ್ತಿರದ ಒಂದು ಸ್ಟೇಟ್ ಪಾರ್ಕಿನಲ್ಲಿ ಯಾರೋ ಕಾನೂನು ಮೀರಿ ಹಾಕಿದ ಕ್ಯಾಂಪ್‌ಫೈರನ್ನು ಆರಿಸದೆ ಹೋದರು. ಅದು ಲಾಸ್ ಪಾಡ್ರೆಸ್ ನ್ಯಾಷನಲ್ ಫಾರೆಸ್ಟಿಗೂ ಹಬ್ಬಿ, ಒಟ್ಟು 1,32,000 ಎಕರೆಗೂ ಜಾಸ್ತಿ ಸುಟ್ಟಿತು. ಬೆಂಕಿ ತಡೆಯಲು ಹೋದ ಬುಲ್ಡೋಜರ್ ಚಾಲಕರೊಬ್ಬರು ಸತ್ತರು. ಆದ್ದರಿಂದ ನೀರು ಹೊಯ್ದು, ಕೆದಕಿ, ಮತ್ತೆ ಹೊಯ್ದು, ಬೂದಿ ಮುಟ್ಟಿದಾಗ ತಣ್ಣಗಿದ್ದರೆ ಮಾತ್ರ ಹೊರಡಿ. ಮೇಲೆ ಮಣ್ಣೆಳೆದರೆ ಸಾಲದು, ಒಳಗೆ ಕೆಂಡ ಉಳಿದಿರುತ್ತದೆ.

ಕೊನೆಯದು, ಸಂಘಗಳ ಪಿಕ್ನಿಕ್ ಏರ್ಪಾಡು ಮಾಡುವವರಿಗೆ. ನ್ಯಾಷನಲ್ ಫಾರೆಸ್ಟಿನಲ್ಲಿ 75 ಅಥವಾ ಹೆಚ್ಚು ಜನ ಸೇರುವುದಾದರೆ, ದುಡ್ಡು ವಸೂಲಿ ಮಾಡದ ಕೂಟವಾದರೂ, ಮೊದಲೇ ಅರ್ಜಿ ಹಾಕಿ ಪರ್ಮಿಟ್ ಪಡೆಯಬೇಕು. ಮಕ್ಕಳನ್ನೂ ಎಣಿಸಿ.