ಧ್ವನಿವರ್ಧಕವಿಲ್ಲದ ಕಾಲದಲ್ಲಿ ‘ಮುಂದಿನ ನಿಲ್ದಾಣ’ ಯಾವುದೆಂದು ಹೇಳಿದ ಯಂತ್ರಗಳು

ಓದುಗರ ಪ್ರಶ್ನೆ: ಮೆಟ್ರೋದಲ್ಲಿ ಕುಳಿತಾಗಲೆಲ್ಲ ‘ಮುಂದಿನ ನಿಲ್ದಾಣ’ ಎಂಬ ದನಿ ಕೇಳುತ್ತದೆ. ಕಂಪ್ಯೂಟರ್, ಧ್ವನಿವರ್ಧಕ ಯಾವುದೂ ಇರದಿದ್ದ ಹಳೆಯ ಕಾಲದಲ್ಲಿ, ಬೋಗಿಯೊಳಗೆ ಕುಳಿತವರಿಗೆ ಮುಂದಿನ ನಿಲ್ದಾಣದ ಹೆಸರನ್ನು ತಾನಾಗಿಯೇ ತಿಳಿಸುವ ಯಂತ್ರವೇನಾದರೂ ಇತ್ತೇ? ಇದ್ದಿದ್ದರೆ ಅದು ಏನಾಯಿತು?

ಉತ್ತರ: ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ‘ಸ್ಟೇಷನ್ ಇಂಡಿಕೇಟರ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಅನೇಕ ಪೇಟೆಂಟುಗಳು ದಾಖಲಾದವು. ಲಂಡನ್ನಿನ ನೆಲದಡಿಯ ರೈಲುಗಳಲ್ಲಿ 1890ರ ದಶಕದಲ್ಲಿ ಅಂಥ ಯಂತ್ರವನ್ನು ಬೋಗಿಯೊಳಗೆ ಅಳವಡಿಸಿ ಪರೀಕ್ಷಿಸಿದ್ದೂ ಉಂಟು. ಆದರೆ ನಂಬಿಕೆಗೆ ಯೋಗ್ಯವಲ್ಲವೆಂದು ತೀರ್ಮಾನಿಸಿ ಅದನ್ನು ಅಲ್ಲಿಗೇ ಕೈಬಿಟ್ಟರು. ಅದು ಸೋತದ್ದು ಕುಶಲತೆಯ ಕೊರತೆಯಿಂದ ಎಂದು ನನಗೆ ಅನ್ನಿಸುವುದಿಲ್ಲ. ಆ ಯಂತ್ರಕ್ಕೆ ಎಣಿಸಲು ಬರುತ್ತಿತ್ತು, ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತಿರಲಿಲ್ಲ. ಅದರ ಕಥೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಮೊದಲು ಅದರ ಅಗತ್ಯ ಏಕೆ ಬಂತೆಂದು ನೋಡೋಣ. ಅಮೆರಿಕದ ರೈಲುಬೋಗಿ ಉದ್ದನೆಯ ಒಂದೇ ಕೋಣೆಯಾಗಿತ್ತು. ಬ್ರೇಕ್ ಹಾಕುವ ಕೆಲಸಗಾರನೋ ಕಂಡಕ್ಟರನೋ ಬಾಗಿಲು ತೆರೆದು ಒಳಬಂದು ಬರಲಿರುವ ಊರಿನ ಹೆಸರನ್ನು ಕೂಗಿ ಹೇಳುತ್ತಿದ್ದ. ಇಂಗ್ಲೆಂಡಿನಲ್ಲಿ ಅದು ಸಾಧ್ಯವಿರಲಿಲ್ಲ. ಅಲ್ಲಿನ ಬೋಗಿಗಳು ಅಡ್ಡಗೋಡೆಗಳಿಂದ ಬೇರ್ಪಟ್ಟ ಸಣ್ಣ ಸಣ್ಣ ಕೋಣೆಗಳ ಸಾಲಾಗಿದ್ದವು, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಇರಲಿಲ್ಲ. ಹೀಗಾಗಿ ಗಾರ್ಡ್ ಓಡುವ ರೈಲಿನಲ್ಲಿ ಪ್ರಯಾಣಿಕರ ಬಳಿಗೆ ಬರುವಂತಿರಲಿಲ್ಲ. ರೈಲು ನಿಂತ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಕೂಲಿಯಾಳುಗಳು ಕೂಗುವ ಹೆಸರೇ ಗತಿಯಾಗಿತ್ತು. 1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಮೆಟ್ರೋಪಾಲಿಟನ್ ರೈಲ್ವೆ ಆರಂಭವಾದ ಮೇಲೆ ತೊಂದರೆ ಇಮ್ಮಡಿಯಾಯಿತು. ಬಯಲಿನಲ್ಲಿ ಓಡುವ ರೈಲಿನಲ್ಲಾದರೆ ಚರ್ಚಿನ ಗೋಪುರವನ್ನೋ ಹೊಳೆಯ ಸೇತುವೆಯನ್ನೋ ಕಂಡು ಊರು ಹತ್ತಿರವಾಯಿತೆಂದು ಊಹಿಸಬಹುದು. ಸುರಂಗದಲ್ಲಿ ಹಬೆ ಎಂಜಿನ್ನಿನ ಹೊಗೆ, ಬೋಗಿಯಲ್ಲಿ ಗ್ಯಾಸ್ ದೀಪದ ಮಬ್ಬು ಬೆಳಕು, ಕಿಟಕಿಯಾಚೆ ಕತ್ತಲೆ. ರೈಲು ನಿಂತಾಗಲಾದರೂ ಗೋಡೆಯ ಮೇಲಿನ ಹೆಸರನ್ನು ಓದೋಣವೆಂದರೆ ಜಾಹೀರಾತು ಫಲಕಗಳ ನಡುವೆ ಅದು ಕಳೆದುಹೋಗಿರುತ್ತಿತ್ತು. ನಿಲ್ದಾಣಗಳೋ ಬಹುಮಟ್ಟಿಗೆ ಒಂದು ಕಿಲೋಮೀಟರಿನ ಆಸುಪಾಸಿನ ಅಂತರದಲ್ಲಿದ್ದವು. ಯೋಚಿಸುತ್ತ ಕೂರುವಷ್ಟರಲ್ಲಿ ರೈಲು ಹೊರಟುಬಿಡುತ್ತಿತ್ತು.

ಈಗ ಯಂತ್ರದ ಒಳಗನ್ನು ನೋಡೋಣ. ವಿನ್ಯಾಸಗಳಲ್ಲಿ ಅನೇಕ ಬಗೆಗಳಿದ್ದರೂ ಸಾಮಾನ್ಯವಾಗಿ ಕಾಣುವ ರೂಪ ಇದು: ಗೋಡೆಗೆ ತಗುಲಿಸಿದ, ಮುಂದೆ ಗಾಜಿನ ಕಿಂಡಿಯಿರುವ ಒಂದು ಪೆಟ್ಟಿಗೆ. ಅದರೊಳಗೆ ಎರಡು ಉರುಳೆಗಳು, ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುವ ಉದ್ದನೆಯ ಬಟ್ಟೆಯ ಪಟ್ಟಿ. ಪಟ್ಟಿಯ ಮೇಲೆ ನಿಲ್ದಾಣಗಳ ಹೆಸರುಗಳನ್ನು ದಾರಿಯ ಕ್ರಮದಲ್ಲಿಯೇ ಅಚ್ಚು ಹಾಕಿರುತ್ತಿದ್ದರು. ಉರುಳೆಯ ತುದಿಯಲ್ಲಿ ಹಲ್ಲುಚಕ್ರ, ಅದರ ಹಲ್ಲಿಗೆ ಸಿಕ್ಕಿಕೊಂಡಿರುವ ಪುಟ್ಟ ಕೊಕ್ಕೆ. ಕೊಕ್ಕೆಯನ್ನು ಒಮ್ಮೆ ಎಳೆದು ಬಿಟ್ಟರೆ ಚಕ್ರ ನಿಗದಿತ ಹಲ್ಲುಗಳಷ್ಟು ಮಾತ್ರ ತಿರುಗಿ ನಿಲ್ಲುತ್ತದೆ, ಕಿಂಡಿಯಲ್ಲಿ ಹಳೆಯ ಹೆಸರು ಸರಿದು ಹೊಸದು ಬರುತ್ತದೆ. ಅದೇ ಚಲನೆ ಸಣ್ಣದೊಂದು ಸುತ್ತಿಗೆಯನ್ನು ಗಂಟೆಗೆ ಬಡಿಯುತ್ತದೆ. ತಲೆ ಬಗ್ಗಿಸಿ ಪತ್ರಿಕೆ ಓದುತ್ತಿರುವವರು ಕತ್ತೆತ್ತಿ ನೋಡಲಿ ಎಂಬುದು ಅದರ ಉದ್ದೇಶ. ಇದರ ಖರ್ಚನ್ನು ಹೆಸರಿನ ಪಕ್ಕದಲ್ಲಿಯೋ ಕೆಳಗೋ ತೋರುವ ಜಾಹೀರಾತಿನಿಂದ ತುಂಬಿಕೊಳ್ಳುವ ಆಲೋಚನೆಯೂ ಅನೇಕ ವಿನ್ಯಾಸಗಳಲ್ಲಿ ಸೇರಿತ್ತು.

ಕೊಕ್ಕೆಯನ್ನು ಎಳೆಯುವವರು ಯಾರು ಎಂಬಲ್ಲಿ ಮೂರು ದಾರಿಗಳಿದ್ದವು. ಮೊದಲನೆಯದು ಕಂಡಕ್ಟರನೇ ಹಗ್ಗ ಎಳೆಯುವುದು, ಇದನ್ನು ಸ್ವಯಂಚಾಲಿತ ಎನ್ನಲಾಗದು. ಎರಡನೆಯದು ಗಾಲಿಯ ಅಚ್ಚಿಗೆ ಹಲ್ಲುಚಕ್ರಗಳನ್ನು ಜೋಡಿಸಿ, ಗಾಲಿ ಇಷ್ಟು ಸುತ್ತು ತಿರುಗಿದರೆ ಇಷ್ಟು ದೂರ ಬಂದಂತೆ ಎಂದು ಲೆಕ್ಕ ಹಾಕುವುದು. ಮೂರನೆಯದು ಹಳಿಯ ಪಕ್ಕದಲ್ಲಿಯೋ ನಡುವೆಯೋ ಒಂದು ತಡೆಯನ್ನು ನೆಟ್ಟು, ಬೋಗಿಯ ಅಡಿಯಿಂದ ಇಳಿಬಿದ್ದ ಸನ್ನೆಕೋಲು ಅದಕ್ಕೆ ತಗುಲಿದಾಗ ಕೊಕ್ಕೆ ಎಳೆಯುವಂತೆ ಮಾಡುವುದು. ಲಂಡನ್ನಿನಲ್ಲಿ ಪರೀಕ್ಷಿಸಿದ್ದು ಈ ಮೂರನೆಯ ಬಗೆಯನ್ನು. ಅಲ್ಲಿ ಹಳಿಗಳ ನಡುವೆ ಮರದ ಮಡಿಕೆಹಲಗೆಯನ್ನು ಇಟ್ಟಿದ್ದರು.

ಗಾಲಿಯ ಲೆಕ್ಕವನ್ನು ಏಕೆ ನಂಬಲಾಗದು ಎಂಬುದನ್ನು ಕಾಗದದ ಮೇಲೆಯೇ ತೋರಿಸಬಹುದು. ಹೊಸದಾಗಿ 914 ಮಿಲಿಮೀಟರ್ ವ್ಯಾಸವಿದ್ದ ಗಾಲಿ ಸವೆದು 889 ಮಿಲಿಮೀಟರ್ ಆಯಿತೆನ್ನಿ. ಅದು ಒಮ್ಮೆ ಪೂರ್ತಿ ತಿರುಗಿದಾಗ ಕ್ರಮಿಸುವ ದೂರ ಶೇಕಡಾ 2.7ರಷ್ಟು ತಗ್ಗುತ್ತದೆ. ಲಂಡನ್ನಿನಲ್ಲಿ ಆ ಪರೀಕ್ಷೆ ನಡೆದ ಒಳವರ್ತುಲ ಮಾರ್ಗ (ನಗರದ ನಡುಭಾಗವನ್ನು ಸುತ್ತುವ ನೆಲದಡಿಯ ರೈಲುದಾರಿ) ಸುಮಾರು 21 ಕಿಲೋಮೀಟರ್ ಉದ್ದವಿದ್ದು, ಅದರಲ್ಲಿ 27 ನಿಲ್ದಾಣಗಳಿದ್ದವು. ಅಂದರೆ ನಿಲ್ದಾಣಗಳ ನಡುವಿನ ಸರಾಸರಿ ಅಂತರ 780 ಮೀಟರ್. ರೈಲು ವರ್ತುಲವನ್ನು ಒಮ್ಮೆ ಸುತ್ತುವಷ್ಟರಲ್ಲಿ ಸವೆದ ಗಾಲಿಯ ಲೆಕ್ಕ 550 ಮೀಟರಿಗಿಂತ ಹೆಚ್ಚು ತಪ್ಪುತ್ತದೆ, ಎರಡನೆಯ ಬಾರಿ ಸುತ್ತುವಷ್ಟರಲ್ಲಿ ಒಂದಿಡೀ ನಿಲ್ದಾಣವನ್ನೇ ಮೀರುತ್ತದೆ. ಒದ್ದೆ ಹಳಿಯ ಮೇಲೆ ಗಾಲಿ ಜಾರುವುದನ್ನೂ, ಬ್ರೇಕ್ ಹಿಡಿದಾಗ ತಿರುಗದೆ ಉಜ್ಜಿಕೊಂಡು ಹೋಗುವುದನ್ನೂ ಇದರಲ್ಲಿ ಸೇರಿಸಿಲ್ಲ.

ಮರದ ಹಲಗೆಗೆ ಈ ಬಾಧೆಯಿಲ್ಲ, ಏಕೆಂದರೆ ಅದು ನಿಲ್ದಾಣದ ಹತ್ತಿರವೇ ನೆಲಕ್ಕೆ ಅಂಟಿಕೊಂಡಿದೆ. ಒಳವರ್ತುಲದಲ್ಲಿ ಇನ್ನೊಂದು ಅನುಕೂಲವೂ ಇತ್ತೆಂಬುದನ್ನು ಗಮನಿಸಬೇಕು. 1884ರಲ್ಲಿ ಪೂರ್ಣಗೊಂಡ ಆ ಮಾರ್ಗದಲ್ಲಿ ರೈಲು ಒಂದೇ ದಿಕ್ಕಿನಲ್ಲಿ ಸುತ್ತುತ್ತಿರುತ್ತದೆ. ಉಳಿದ ಮಾರ್ಗಗಳಲ್ಲಿ ಕೊನೆಯ ನಿಲ್ದಾಣ ಮುಟ್ಟಿದ ಮೇಲೆ ಪಟ್ಟಿ ಹಿಮ್ಮುಖವಾಗಿ ಓಡಬೇಕು, ಆದರೆ ಹಲ್ಲುಚಕ್ರ ಒಂದೇ ಕಡೆಗೆ ತಿರುಗುವಂಥದ್ದು. ಅದನ್ನು ಬದಲಿಸಲು ಯಾರಾದರೂ ಬೋಗಿ ಬೋಗಿಗೂ ಹೋಗಿ ಹಿಡಿಕೆ ತಿರುಗಿಸಬೇಕಾಗುತ್ತದೆ. ವರ್ತುಲದಲ್ಲಿ ಪಟ್ಟಿಯ ಎರಡು ತುದಿಗಳನ್ನು ಹೊಲಿದು ಮಾಲೆಯಂತೆ ಮಾಡಿಬಿಟ್ಟರೆ ಸಾಕು. ಇಂಥ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಆದರೂ ಅದು ಅಲ್ಲಿ ಉಳಿಯಲಿಲ್ಲ. ಹಲಗೆ ಸನ್ನೆಕೋಲಿಗೆ ಹೇಳುತ್ತಿದ್ದ ಮಾತು ‘ಇನ್ನೊಂದು’ ಎಂಬುದಷ್ಟೇ, ‘ಇದು ಬೇಕರ್ ಸ್ಟ್ರೀಟ್’ ಎಂದಲ್ಲ. ಮಸಿ ಮೆತ್ತಿಯೋ, ಬೋಗಿ ಕುಲುಕಿಯೋ, ಸನ್ನೆಕೋಲು ಬಾಗಿಯೋ ಒಂದೇ ಒಂದು ಹಲಗೆ ತಪ್ಪಿತೆಂದರೆ ಆ ಬೋಗಿಯ ಪೆಟ್ಟಿಗೆ ಅಲ್ಲಿಂದ ಮುಂದೆ ಪ್ರತಿಯೊಂದು ನಿಲ್ದಾಣಕ್ಕೂ ಅದರ ಹಿಂದಿನದರ ಹೆಸರನ್ನೇ ತೋರಿಸುತ್ತ ಹೋಗುತ್ತದೆ. ತಪ್ಪನ್ನು ತಾನಾಗಿ ಸರಿಪಡಿಸಿಕೊಳ್ಳುವ ಉಪಾಯ ಅದರಲ್ಲಿಲ್ಲ. ನಾನೇ ಒಮ್ಮೆ ನಗರದ ಬಸ್ಸೊಂದರಲ್ಲಿ, ಒಂದು ನಿಲ್ದಾಣದಷ್ಟು ಹಿಂದುಳಿದಿದ್ದ ಮಿನುಗು ಫಲಕವನ್ನು ನಂಬಿ, ಇಳಿಯಬೇಕಾದ ಜಾಗ ದಾಟಿದ ಮೇಲೆ ಇಳಿದೆ. ನನ್ನ ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಮಾತ್ರ ಫಲಕದ ಕಡೆ ನೋಡದೆ ಕಂಡಕ್ಟರನ್ನು ಕೇಳಿ ಸರಿಯಾಗಿ ಇಳಿದಿದ್ದರು. ಹೆಸರನ್ನೇ ತೋರಿಸದ ಪೆಟ್ಟಿಗೆಗಿಂತ ತಪ್ಪು ಹೆಸರನ್ನು ದೃಢವಾಗಿ ತೋರಿಸುವ ಪೆಟ್ಟಿಗೆ ಹೆಚ್ಚು ಹಾನಿ ಮಾಡುತ್ತದೆ. ಹೆಸರೇ ಇರದಿದ್ದರೆ ಪ್ರಯಾಣಿಕ ಪಕ್ಕದವರನ್ನು ಕೇಳುತ್ತಾನೆ, ಹೆಸರು ಕಂಡರೆ ಕೇಳುವುದಿಲ್ಲ.

ಪ್ರತಿ ನಿಲ್ದಾಣಕ್ಕೂ ಬೇರೆ ಬೇರೆ ಗುರುತು ಕೊಡಲು ಆಗ ಸಾಧ್ಯವೇ ಇರಲಿಲ್ಲವೇ? ತತ್ತ್ವದಲ್ಲಿ ಸಾಧ್ಯವಿತ್ತು. ಅಕ್ಕಪಕ್ಕ ಐದು ಹಲಗೆಗಳ ಜಾಗವಿಟ್ಟು, ಒಂದೊಂದು ನಿಲ್ದಾಣದಲ್ಲಿ ಕೆಲವನ್ನು ಎತ್ತಿ ಕೆಲವನ್ನು ಇಳಿಸಿದರೆ 32 ಬಗೆಯ ಜೋಡಣೆಗಳು ದೊರೆಯುತ್ತವೆ. 27 ನಿಲ್ದಾಣಗಳಿಗೆ ಅದು ಧಾರಾಳವಾಗಿ ಸಾಕು. ಆದರೆ ಪ್ರತಿ ಬೋಗಿಯ ಅಡಿಯಲ್ಲಿ ಐದು ಸನ್ನೆಕೋಲುಗಳು ಓಟದ ರಭಸದಲ್ಲಿ ಮರಕ್ಕೆ ಬಡಿಯಬೇಕು, ಐದರಲ್ಲಿ ಒಂದೂ ತಪ್ಪಬಾರದು. ಒಂದನ್ನೇ ಸುಸ್ಥಿತಿಯಲ್ಲಿ ಇಡಲಾಗದ ಕಡೆ ಐದರ ಮಾತೇಕೆ?

ಯಂತ್ರಕ್ಕೆ ಮಾತನ್ನೇ ಕಲಿಸಬಹುದಿತ್ತಲ್ಲ ಎಂದೂ ಕೇಳಬಹುದು. ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರ, ಎಡಿಸನ್ ಅವರ ಫೋನೋಗ್ರಾಫ್, 1877ರಲ್ಲಿಯೇ ಬಂದಿತ್ತು. ಆದರೆ ಅದರ ದನಿಗೆ ಕಹಳೆಯೊಂದೇ ಆಸರೆ. ವಿದ್ಯುತ್ತಿನಿಂದ ದನಿಯನ್ನು ಹಿಗ್ಗಿಸಲು ದಾರಿ ಮಾಡಿಕೊಟ್ಟ ನಿರ್ವಾತ ಕೊಳವೆ, ಲೀ ಡಿ ಫಾರೆಸ್ಟ್ ಅವರ ಆಡಿಯಾನ್, ಬಂದದ್ದು 1906ರಲ್ಲಿ. ಅಲ್ಲಿಯವರೆಗೆ ಕಬ್ಬಿಣದ ಗಾಲಿಗಳ ಗದ್ದಲವನ್ನು ಮೀರಿ ಇಡೀ ಬೋಗಿಗೆ ಕೇಳಿಸುವಂತೆ ಮಾತನಾಡುವುದು ಮನುಷ್ಯನ ಗಂಟಲಿಗೆ ಮಾತ್ರ ಸಾಧ್ಯವಿತ್ತು. ಹೀಗಾಗಿ ಇಂಡಿಕೇಟರಿನ ಉಪಯೋಗ ಓದುಬಲ್ಲವರಿಗೆ, ಕಣ್ಣು ಕಾಣುವವರಿಗೆ ಮಾತ್ರ ದಕ್ಕುತ್ತಿತ್ತು. ಅಂಧರಿಗೆ ಆ ಗಂಟೆ ‘ಏನೋ ಬದಲಾಯಿತು’ ಎಂದು ಹೇಳುತ್ತಿತ್ತೇ ಹೊರತು ಏನೆಂದು ಹೇಳುತ್ತಿರಲಿಲ್ಲ. ಇದು ಸಣ್ಣ ಕೊರತೆಯಲ್ಲ. ಮುಂದೆ ಬಹುಕಾಲದ ನಂತರ ದನಿಯ ಪ್ರಕಟಣೆ ಕಡ್ಡಾಯವಾದದ್ದು ಇವರ ಹಕ್ಕಿನ ಹೋರಾಟದಿಂದಲೇ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾನೂನಿನಡಿಯ ನಿಯಮಗಳು ಅದನ್ನು ವಿಧಿಸಿದವು.

ಲಂಡನ್ನಿನಲ್ಲಿ ಸಮಸ್ಯೆ ಬಗೆಹರಿದದ್ದು ಬೇರೆ ಎರಡು ಕಡೆಗಳಿಂದ. 1890ರ ಡಿಸೆಂಬರಿನಲ್ಲಿ ಆರಂಭವಾದ ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆ ವಿದ್ಯುತ್ತಿನಿಂದ ಓಡುತ್ತಿತ್ತು. ಸುರಂಗದಲ್ಲಿ ನೋಡಲು ಏನಿದೆಯೆಂದು ಅದರ ಬೋಗಿಗಳಿಗೆ ಮೇಲ್ಭಾಗದಲ್ಲಿ ಸಣ್ಣ ಸೀಳುಕಿಟಕಿಗಳನ್ನಷ್ಟೇ ಇಟ್ಟಿದ್ದರು. ಬೋಗಿಗಳ ತುದಿಯಲ್ಲಿ ನಿಂತ ಗೇಟಿನಾಳುಗಳು ಪ್ರತಿ ನಿಲ್ದಾಣದ ಹೆಸರನ್ನು ಕೂಗುತ್ತಿದ್ದರು. ಎರಡನೆಯದು 1908ರಲ್ಲಿ ಬಂತು: ಕೆಂಪು ಬಿಲ್ಲೆ, ಅದರ ನಡುವೆ ಅಡ್ಡಲಾಗಿ ನೀಲಿ ಪಟ್ಟಿ, ಪಟ್ಟಿಯಲ್ಲಿ ಬಿಳಿಯ ಅಕ್ಷರದ ಹೆಸರು. ಜಾಹೀರಾತುಗಳ ನಡುವೆಯೂ ಎದ್ದು ಕಾಣಲೆಂದು ಪ್ಲಾಟ್‌ಫಾರ್ಮಿನ ಗೋಡೆಯ ಉದ್ದಕ್ಕೂ ಅದನ್ನು ಮತ್ತೆ ಮತ್ತೆ ನೆಟ್ಟರು. ನ್ಯೂಯಾರ್ಕಿನಲ್ಲಿ 1904ರ ಸುರಂಗ ರೈಲಿನ ನಿಲ್ದಾಣಗಳಿಗೆ ಹೆಸರಿನ ಜೊತೆಗೆ ಬಣ್ಣದ ಹೆಂಚಿನ ಚಿತ್ರಗಳನ್ನೂ ಕೂರಿಸಿದರು. ಆಸ್ಟರ್ ಪ್ಲೇಸ್ ನಿಲ್ದಾಣದ ಗೋಡೆಯಲ್ಲಿ ಮರದ ಕಾಂಡವನ್ನು ಕಡಿಯುತ್ತಿರುವ ಬೀವರ್ ಪ್ರಾಣಿ ಇಂದಿಗೂ ಇದೆ. ಆಸ್ಟರ್ ಮನೆತನ ಸಿರಿವಂತವಾದದ್ದು ಆ ಪ್ರಾಣಿಯ ತುಪ್ಪಳದ ವ್ಯಾಪಾರದಿಂದ. ಓದಲು ಬಾರದವರೂ ಆ ಚಿತ್ರವನ್ನು ಗುರುತಿಟ್ಟುಕೊಳ್ಳಬಹುದು, ಮತ್ತು ಗೋಡೆ ಎಂದೂ ಒಂದು ನಿಲ್ದಾಣ ಹಿಂದುಳಿಯುವುದಿಲ್ಲ.

ನಿಮ್ಮ ಪ್ರಶ್ನೆ ಹುಟ್ಟಿದ ಮೆಟ್ರೋಗೆ ಬರೋಣ. ಇಂದಿನ ಮೆಟ್ರೋ ರೈಲುಗಳು ಸಾಮಾನ್ಯವಾಗಿ ಆ ಹಳೆಯ ಎರಡು ಉಪಾಯಗಳನ್ನೂ ಒಟ್ಟಿಗೆ ಬಳಸುತ್ತವೆ. ಗಾಲಿಯ ಸುತ್ತನ್ನು ಎಣಿಸಿ ದೂರ ಅಳೆಯುತ್ತವೆ. ಹಳಿಯ ಬಳಿ ಅಲ್ಲಲ್ಲಿ ಅಳವಡಿಸಿದ ಸಾಧನಗಳನ್ನು ದಾಟುವಾಗ ಆ ಅಳತೆಯನ್ನು ತಿದ್ದಿಕೊಳ್ಳುತ್ತವೆ. ಮರದ ಹಲಗೆ ಹೇಳಲಾಗದೆ ಉಳಿದಿದ್ದ ಮಾತನ್ನು ಈ ಸಾಧನ ಹೇಳುತ್ತದೆ: ರೈಲು ಮೇಲೆ ಹಾಯುವಾಗ ಅದು ತನ್ನದೇ ಗುರುತುಸಂಖ್ಯೆಯನ್ನು ಕಳಿಸುತ್ತದೆ. ಒಂದು ತಪ್ಪಿದರೂ ಮುಂದಿನದು ಎಲ್ಲವನ್ನೂ ಸರಿಮಾಡುತ್ತದೆ. ಸ್ಥಳ ತಿಳಿದ ಮೇಲೆ ಮೊದಲೇ ಧ್ವನಿಮುದ್ರಿಸಿಟ್ಟ ಹೆಸರನ್ನು ಆರಿಸಿ ನುಡಿಸುವುದು ಸುಲಭ. ‘ನಮ್ಮ ಮೆಟ್ರೋ’ದಲ್ಲಿ ಕನ್ನಡದ ಆ ಹೆಸರುಗಳನ್ನು ಅಷ್ಟು ಸ್ಪಷ್ಟವಾಗಿ ನುಡಿದವರು ಅಪರ್ಣಾ. ಅವರು 2024ರ ಜುಲೈ 11ರಂದು ತೀರಿಕೊಂಡ ಮೇಲೂ ಬೋಗಿಗಳಲ್ಲಿ ಅದೇ ದನಿ ಕೇಳಿಬಂದಿತು.

ಮುಂದಿನ ಸಲ ಪ್ರಯಾಣಿಸುವಾಗ ಪ್ರಕಟಣೆ ಯಾವ ಕ್ಷಣದಲ್ಲಿ ಬರುತ್ತದೆಂದು ಗಮನಿಸಿ. ರೈಲು ಹೊರಟ ಕೂಡಲೇ ಮುಂದಿನ ನಿಲ್ದಾಣ ಯಾವುದೆಂದು ಹೇಳುವುದು ಬಟ್ಟೆಯ ಪಟ್ಟಿಗೂ ಕೈಲಾಗುತ್ತಿದ್ದ ಕೆಲಸ. ನಿಲ್ದಾಣ ಇನ್ನು ಕೆಲವು ನೂರು ಮೀಟರ್ ಇರುವಾಗ, ಬಾಗಿಲು ಯಾವ ಬದಿಗೆ ತೆರೆಯುತ್ತದೆಂಬುದನ್ನೂ ಸೇರಿಸಿ ಹೇಳಬೇಕೆಂದರೆ ಮಾತ್ರ ರೈಲಿಗೆ ತಾನು ಎಲ್ಲಿದ್ದೇನೆಂದು ನಿಜವಾಗಿ ಗೊತ್ತಿರಬೇಕು.